ದರ ಅದೇ, ತೂಕ ಕಡಿಮೆ: ಪೊಟ್ಟಣದೊಳಗೆ ಅಡಗಿದ ತುಟ್ಟಿ



ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ನಮ್ಮ ಬೆಳೆಗಾರರ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ತುಂಬಿದ ಗಾಡಿಯ ತೂಕವೆಷ್ಟು, ಖಾಲಿ ಗಾಡಿಯ ತೂಕವೆಷ್ಟು, ಕಡಿತವೆಷ್ಟು ಎಂದು ಪ್ರತಿಯೊಂದನ್ನೂ ವಿಚಾರಿಸುತ್ತಾರೆ. ಹತ್ತು ಕಿಲೋ ವ್ಯತ್ಯಾಸ ಕಂಡರೂ ಚೀಟಿಯನ್ನು ಮರಳಿ ತೋರಿಸಿ ಕೇಳುತ್ತಾರೆ. ಹಾಗೆ ಕೇಳುವುದು ಅವರ ಹಕ್ಕು. ಆದರೆ ಅದೇ ಸದಸ್ಯರು ಸಂಜೆ ಕಿರಾಣಿ ಅಂಗಡಿಗೆ ಹೋದಾಗ ಬಿಸ್ಕತ್ತು, ಸಾಬೂನು, ಚಹಾಪುಡಿ, ಎಣ್ಣೆ ಇವುಗಳ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ದರವನ್ನಷ್ಟೇ ನೋಡಿ ಹಣ ಕೊಟ್ಟು ಬರುತ್ತಾರೆ. ಪೊಟ್ಟಣದ ಒಳಗೆ ಎಷ್ಟು ಗ್ರಾಂ ಇದೆ ಎಂದು ನೋಡುವವರು ತೀರ ವಿರಳ.

ದರ ಏರಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಊರಲ್ಲಿ ಮಾತಾಗುತ್ತದೆ. ದರವನ್ನು ಹಾಗೆಯೇ ಇಟ್ಟು ತೂಕವನ್ನು ಇಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಪರಿಣಾಮ ಎರಡರಿಂದಲೂ ಒಂದೇ. ಮೊದಲು ಇಪ್ಪತ್ತು ದಿನ ಬರುತ್ತಿದ್ದ ಸಾಬೂನು ಹದಿನೇಳನೆಯ ದಿನಕ್ಕೆ ಸವೆದುಹೋಗುತ್ತದೆ. ಮನೆಯವರು ಹೆಚ್ಚು ಬಳಸಿದರೆಂದು ನಾವು ಅವರ ಮೇಲೆ ರೇಗುತ್ತೇವೆ. ನಿಜವಾಗಿ ಅಲ್ಲಿ ನಡೆದದ್ದು ಬೆಲೆ ಏರಿಕೆ. ಈ ಅಡಗಿದ ತುಟ್ಟಿಯ ಸ್ವರೂಪವೇನು, ಅದನ್ನು ಲೆಕ್ಕ ಹಾಕುವ ಬಗೆ ಹೇಗೆ, ನಮ್ಮ ಗೊಬ್ಬರದ ಚೀಲಕ್ಕೂ ಕಬ್ಬಿನ ದರಕ್ಕೂ ಅದರ ಸಂಬಂಧವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರೂಪಾಯಿಗೆ ಎಷ್ಟು ಸೇರು?

ಇದು ಹೊಸ ವಿಷಯವೇನೂ ಅಲ್ಲ. ನಮ್ಮ ಹಿರಿಯರ ಕಾಲದಲ್ಲಿ ಜೋಳದ ಧಾರಣೆಯನ್ನು ಕೇಳುತ್ತಿದ್ದುದೇ “ರೂಪಾಯಿಗೆ ಎಷ್ಟು ಸೇರು?” ಎಂದು. ಬ್ರಿಟಿಷರ ಕಾಲದ ಸರಕಾರಿ ದಾಖಲೆಗಳಲ್ಲಿಯೂ ಗೆಜೆಟಿಯರುಗಳಲ್ಲಿಯೂ ಧಾನ್ಯದ ಬೆಲೆಯನ್ನು ರೂಪಾಯಿಗೆ ಇಷ್ಟು ಧಾನ್ಯ ಎಂಬ ರೀತಿಯಲ್ಲಿಯೇ ಬರೆದಿರುವುದನ್ನು ಕಾಣಬಹುದು. ಮಳೆ ಹೋದ ವರುಷ ರೂಪಾಯಿಗೆ ಬರುವ ಸೇರು ಕಡಿಮೆಯಾಗುತ್ತಿತ್ತು, ಸುಗ್ಗಿ ಚೆನ್ನಾಗಿ ಬಂದರೆ ಹೆಚ್ಚುತ್ತಿತ್ತು. ರೂಪಾಯಿ ನಿಂತಲ್ಲೇ ನಿಲ್ಲುತ್ತಿತ್ತು, ಅಳತೆ ಏರಿಳಿಯುತ್ತಿತ್ತು.

ಇಂಗ್ಲೆಂಡಿನಲ್ಲಿ 1266ರಲ್ಲಿ ರೊಟ್ಟಿಯ ಬಗ್ಗೆ ಮಾಡಿದ ಒಂದು ಶಾಸನವೂ ಇದೇ ಕ್ರಮದ್ದು. ರೊಟ್ಟಿಯ ದರ ಸ್ಥಿರವಾಗಿರಬೇಕು, ಗೋಧಿಯ ಬೆಲೆ ಏರಿದಂತೆ ರೊಟ್ಟಿಯ ತೂಕ ಇಳಿಯಬೇಕು, ಎಷ್ಟು ಇಳಿಯಬೇಕೆಂಬುದು ಪಟ್ಟಿಯ ಪ್ರಕಾರ ನಡೆಯಬೇಕು ಎಂದು ಅಲ್ಲಿ ವಿಧಿಸಲಾಗಿತ್ತು. ತೂಕದಲ್ಲಿ ಮೋಸ ಮಾಡಿದ ರೊಟ್ಟಿಯವನಿಗೆ ದಂಡವಿತ್ತು.

ಈ ಹಳೆಯ ಪದ್ಧತಿಯಲ್ಲಿ ಮರೆಮಾಚುವುದು ಏನೂ ಇರಲಿಲ್ಲ. ಅಳತೆ ಕೊಳ್ಳುವವನ ಕಣ್ಣೆದುರಿಗೇ ಆಗುತ್ತಿತ್ತು. ಸೇರು, ಪಾವು, ಕೊಳಗ ಯಾವುದೇ ಇರಲಿ, ಅದು ಸರಿಯಾಗಿದೆಯೇ ಎಂದು ಎರಡೂ ಕಡೆಯವರು ನೋಡುತ್ತಿದ್ದರು. ಇಂದಿನ ಐದು ರೂಪಾಯಿಯ ಪೊಟ್ಟಣವೂ ಒಂದು ರೀತಿಯಲ್ಲಿ ರೂಪಾಯಿಗೆ ಇಷ್ಟು ಸೇರು ಎಂಬ ಹಳೆಯ ವ್ಯಾಪಾರವೇ ಆಗಿದೆ. ವ್ಯತ್ಯಾಸವೇನೆಂದರೆ, ಅಳತೆ ನಮ್ಮ ಕಣ್ಣ ಮುಂದೆ ಆಗುವುದಿಲ್ಲ. ಅದು ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ಗೋವೆಯಲ್ಲಿ ಬೆಳಗ್ಗೆ ಸೈಕಲ್ಲಿನ ಹಾರ್ನು ಒತ್ತುತ್ತ ಪೊದೇರನು ತರುವ ಪಾವು, ಪೊಯ್, ಉಂಡೊ ಇವುಗಳಿಗಂತೂ ಚೀಟಿಯೂ ಇಲ್ಲ, ಅಚ್ಚೂ ಇಲ್ಲ. ಮೈದಾ, ಸೌದೆ, ಕೂಲಿ ಏರಿದಾಗ ದರ ಏರಿಸುವುದೋ ಉಂಡೆ ಸಣ್ಣದು ಮಾಡುವುದೋ ಎಂಬ ಪ್ರಶ್ನೆ ಅವನಿಗೂ ಬರುತ್ತದೆ. ಆದರೆ ಅವನ ಪಾವು ನಮ್ಮ ಅಂಗೈ ಮೇಲೆ ಇರುತ್ತದೆ. ಸಣ್ಣದಾದರೆ ಅದೇ ದಿನ ಗೊತ್ತಾಗುತ್ತದೆ, ಮರುದಿನ ಅವನನ್ನೇ ನಿಲ್ಲಿಸಿ ಕೇಳಬಹುದು. ಗಾಳಿ ತುಂಬಿ ಉಬ್ಬಿಸಿದ ಪೊಟ್ಟಣದ ವಿಷಯದಲ್ಲಿ ಈ ಅನುಕೂಲ ಇಲ್ಲ.

ಐದು–ಹತ್ತು ರೂಪಾಯಿಯ ಗಂಟು

ಕಂಪನಿಗಳು ದರ ಏರಿಸುವ ಬದಲು ತೂಕವನ್ನು ಏಕೆ ಇಳಿಸುತ್ತವೆ? ಇದಕ್ಕೆ ಮುಖ್ಯ ಕಾರಣ ನಾಣ್ಯ. ಹಳ್ಳಿಯ ಅಂಗಡಿಯಲ್ಲಿ ಒಂದು, ಎರಡು, ಐದು, ಹತ್ತು, ಇಪ್ಪತ್ತು ಈ ದರಗಳು ಸುಲಭವಾಗಿ ನಡೆಯುತ್ತವೆ. ಐದು ರೂಪಾಯಿಯ ಬಿಸ್ಕತ್ತನ್ನು ಐದು ರೂಪಾಯಿ ಎಂಬತ್ತು ಪೈಸೆಗೆ ಮಾರುವುದಕ್ಕೆ ಬರುವುದಿಲ್ಲ, ಚಿಲ್ಲರೆ ಸಿಗುವುದಿಲ್ಲ. ಆರು ರೂಪಾಯಿ ಮಾಡಿದರೆ ಗಿರಾಕಿ ಪಕ್ಕದ ಕಂಪನಿಯ ಐದು ರೂಪಾಯಿಯ ಪೊಟ್ಟಣಕ್ಕೆ ಕೈ ಹಾಕುತ್ತಾನೆ. ಆದುದರಿಂದ ದರಕ್ಕೆ ಗಂಟು ಹಾಕಿ, ಏರಿಳಿತವನ್ನೆಲ್ಲ ತೂಕದಲ್ಲಿ ಮಾಡುತ್ತಾರೆ.

ಇದು ಎಲ್ಲರ ಗಮನಕ್ಕೆ ಬಂದದ್ದು 2022ರಲ್ಲಿ. ಆ ವರುಷದ ಫೆಬ್ರುವರಿಯಲ್ಲಿ ಉಕ್ರೇನಿನ ಯುದ್ಧ ಆರಂಭವಾಗಿ ಸೂರ್ಯಕಾಂತಿ ಎಣ್ಣೆ ಮತ್ತು ಗೋಧಿಯ ಬೆಲೆ ಏರಿತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ದೇಶವು ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಬಿಸ್ಕತ್ತು, ಚಿವಡಾ, ಸಾಬೂನು ಎಲ್ಲದಕ್ಕೂ ತಾಳೆ ಎಣ್ಣೆ ಬೇಕು. ಆಗ ಹತ್ತು ರೂಪಾಯಿಯ ವಿಮ್ ಪಾತ್ರೆ ಸಾಬೂನಿನ ತೂಕವನ್ನು 155 ಗ್ರಾಮಿನಿಂದ 135 ಗ್ರಾಮಿಗೆ ಇಳಿಸಲಾಯಿತು. ಹಲ್ದಿರಾಮ್ ಕಂಪನಿಯ ಆಲೂ ಭುಜಿಯಾದ ಸಣ್ಣ ಪೊಟ್ಟಣ 55 ಗ್ರಾಮಿನಿಂದ 42 ಗ್ರಾಮಿಗೆ ಬಂತು. ದರದಲ್ಲಿ ಒಂದು ಪೈಸೆಯೂ ಏರಲಿಲ್ಲ.

ಕಚ್ಚಾ ಸಾಮಗ್ರಿಯ ಖರ್ಚು ಏರಿದಾಗ ಕಂಪನಿಯವರೂ ಎಲ್ಲಿಂದಲೋ ತುಂಬಿಕೊಳ್ಳಬೇಕೆಂಬುದು ನ್ಯಾಯವೇ. ಮುಂದೆ ಎಣ್ಣೆಯ ಬೆಲೆ ಇಳಿದಾಗ ಕೆಲವರು ತೂಕವನ್ನು ಸ್ವಲ್ಪ ಏರಿಸಿದ್ದೂ ಉಂಟು. ಇಳಿದದ್ದೂ ಏರಿದ್ದೂ ಕೊಳ್ಳುವವನಿಗೆ ಕಾಣದೇ ನಡೆಯುತ್ತದೆ ಎಂಬುದೇ ಇಲ್ಲಿಯ ದೋಷ.

ಲೆಕ್ಕ ಹೇಗೆ ಹಾಕಬೇಕು?

ಇಲ್ಲಿ ಒಂದು ಅಂಶವನ್ನು ಎಲ್ಲರೂ ಚೆನ್ನಾಗಿ ತಿಳಿದುಕೊಳ್ಳತಕ್ಕದ್ದು. ತೂಕ ಶೇಕಡಾ 20 ಇಳಿದರೆ ಬೆಲೆ ಏರಿದ್ದು ಶೇಕಡಾ 20 ಅಲ್ಲ, ಶೇಕಡಾ 25. ಹೇಗೆಂದರೆ, ಹತ್ತು ರೂಪಾಯಿಗೆ 100 ಗ್ರಾಂ ಬರುತ್ತಿದ್ದಾಗ ಕಿಲೋಗೆ 100 ರೂಪಾಯಿ ಆಯಿತು. ಅದೇ ಹತ್ತು ರೂಪಾಯಿಗೆ 80 ಗ್ರಾಂ ಬಂದರೆ ಕಿಲೋಗೆ 125 ರೂಪಾಯಿ ಆಗುತ್ತದೆ. ಇಳಿಕೆ ಹೆಚ್ಚಾದಷ್ಟೂ ಈ ಅಂತರವೂ ಬೆಳೆಯುತ್ತದೆ:

100 ಗ್ರಾಂ ಇದ್ದದ್ದು 90 ಆದರೆ — ಬೆಲೆ ಏರಿಕೆ ಶೇ. 11.
100 ಗ್ರಾಂ ಇದ್ದದ್ದು 80 ಆದರೆ — ಬೆಲೆ ಏರಿಕೆ ಶೇ. 25.
100 ಗ್ರಾಂ ಇದ್ದದ್ದು 75 ಆದರೆ — ಬೆಲೆ ಏರಿಕೆ ಶೇ. 33.
100 ಗ್ರಾಂ ಇದ್ದದ್ದು 50 ಆದರೆ — ಬೆಲೆ ಏರಿಕೆ ಶೇ. 100.

ಮೇಲೆ ಹೇಳಿದ ಪಾತ್ರೆ ಸಾಬೂನನ್ನೇ ತೆಗೆದುಕೊಳ್ಳೋಣ. ಹತ್ತು ರೂಪಾಯಿಗೆ 155 ಗ್ರಾಂ ಇದ್ದಾಗ ಕಿಲೋಗೆ ಸುಮಾರು 64 ರೂ. 50 ಪೈಸೆ ಬಿತ್ತು. 135 ಗ್ರಾಂ ಆದ ಮೇಲೆ ಸುಮಾರು 74 ರೂಪಾಯಿ. ಅಂದರೆ ಏರಿಕೆ ಶೇಕಡಾ 15ರಷ್ಟು. ಭುಜಿಯಾದ ಲೆಕ್ಕ ಇನ್ನೂ ದೊಡ್ಡದು. ಕಿಲೋಗೆ ಸುಮಾರು 182 ರೂಪಾಯಿ ಇದ್ದದ್ದು 238 ರೂಪಾಯಿ ಆಯಿತು, ಏರಿಕೆ ಶೇಕಡಾ 31. ಅಂಗಡಿಯವನು ಹತ್ತು ರೂಪಾಯಿಯ ಪೊಟ್ಟಣಕ್ಕೆ ಹದಿಮೂರು ರೂಪಾಯಿ ಕೇಳಿದ್ದರೆ ನಾವು ಜಗಳಕ್ಕೇ ನಿಲ್ಲುತ್ತಿದ್ದೆವು.

ಇದು ಐದು–ಹತ್ತು ರೂಪಾಯಿಯ ಮಾತೆಂದು ತಳ್ಳಿಹಾಕಬಾರದು. ದಿನಕ್ಕೆ ಎರಡು ಪೊಟ್ಟಣ ಬಿಸ್ಕತ್ತು ಖರ್ಚಾಗುವ ಮನೆಯಲ್ಲಿ ವರುಷಕ್ಕೆ 730 ಪೊಟ್ಟಣಗಳಾಗುತ್ತವೆ. ಉದಾಹರಣೆಗೆ ಪೊಟ್ಟಣ 60 ಗ್ರಾಮಿನಿಂದ 50 ಗ್ರಾಮಿಗೆ ಇಳಿಯಿತೆಂದು ಇಟ್ಟುಕೊಂಡರೆ ವರುಷಕ್ಕೆ ಏಳು ಕಿಲೋಗಿಂತ ಹೆಚ್ಚು ಬಿಸ್ಕತ್ತು ಕಡಿಮೆ ಬಂದಂತಾಯಿತು. ಅಷ್ಟೇ ತೂಕದ ಬಿಸ್ಕತ್ತು ಬೇಕಾದರೆ ಇನ್ನೂ 146 ಪೊಟ್ಟಣ ಕೊಳ್ಳಬೇಕು, ಐದು ರೂಪಾಯಿಯಂತೆ 730 ರೂಪಾಯಿ. ಇದರ ಜೊತೆಗೆ ಸಾಬೂನು, ಚಹಾಪುಡಿ, ಹಲ್ಲುಪುಡಿ, ಎಣ್ಣೆ ಇವನ್ನೆಲ್ಲ ಸೇರಿಸಿ ನೋಡಿರಿ. ಹನಿ ಹನಿ ಕೂಡಿದರೆ ಹಳ್ಳ. ಸಣ್ಣ ಪೊಟ್ಟಣವನ್ನೇ ಹೆಚ್ಚಾಗಿ ಕೊಳ್ಳುವವರು ದಿನಗೂಲಿಯವರು, ಕಬ್ಬು ಕಡಿಯಲು ಬರುವ ಗ್ಯಾಂಗಿನವರು. ವಾರದ ಬಟವಾಡೆಯಲ್ಲಿ ಬದುಕುವ ಅವರಿಗೇ ಈ ಪೆಟ್ಟು ಹೆಚ್ಚು.

ಎಣ್ಣೆಯ ಲೀಟರು

ಎಣ್ಣೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆಯನ್ನು 21 ಡಿಗ್ರಿ ಶಾಖದಲ್ಲಿ ತೂಗಿದರೆ 919 ಗ್ರಾಂ ಇರಬಹುದು. ಅದೇ ಲೀಟರನ್ನು 60 ಡಿಗ್ರಿಯಲ್ಲಿ ಅಳೆದರೆ 892.6 ಗ್ರಾಂ ಮಾತ್ರ. ಕೆಲವರು 60 ಡಿಗ್ರಿಯ ಲೆಕ್ಕ ತೋರಿಸಿ ಲೀಟರ್ ಎಂದು ಅಚ್ಚು ಹಾಕುತ್ತಿದ್ದುದು ಕೇಂದ್ರ ಸರಕಾರದ ಗಮನಕ್ಕೆ ಬಂತು. 2022ರ ಆಗಸ್ಟಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು ಎಣ್ಣೆ ತಯಾರಕರಿಗೆ ಸೂಚನೆ ಕೊಟ್ಟು, ಶಾಖದ ಮಾತಿಲ್ಲದೆ ಅಳತೆಯ ಜೊತೆಗೆ ತೂಕವನ್ನೂ ನಮೂದಿಸಬೇಕೆಂದು ತಿಳಿಸಿತು. ಇದಕ್ಕೆ 2023ರ ಜನವರಿ 15ರ ವರೆಗೆ ಗಡುವು ಕೊಡಲಾಗಿತ್ತು.

ಆದುದರಿಂದ ಎಣ್ಣೆಯ ಪ್ಯಾಕೆಟ್ಟು ಕೊಳ್ಳುವಾಗ ಲೀಟರನ್ನು ನೋಡದೆ ಗ್ರಾಮನ್ನು ನೋಡತಕ್ಕದ್ದು. ಪಕ್ಕಪಕ್ಕದಲ್ಲಿ ಇಟ್ಟಾಗ ಒಂದೇ ಗಾತ್ರದವಾಗಿ ಕಾಣುವ ಎರಡು ಪ್ಯಾಕೆಟ್ಟುಗಳಲ್ಲಿ ಒಂದರಲ್ಲಿ 910 ಗ್ರಾಂ, ಇನ್ನೊಂದರಲ್ಲಿ 850 ಗ್ರಾಂ ಇದ್ದರೆ, ಎರಡನೆಯದು ಐದು ರೂಪಾಯಿ ಅಗ್ಗವಾಗಿದ್ದರೂ ಲೆಕ್ಕದಲ್ಲಿ ತುಟ್ಟಿಯಾಗಿರಬಹುದು.

ಕಾನೂನು ಏನು ಹೇಳುತ್ತದೆ?

ತೂಕದ ವಿಷಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಅವನ್ನು ಬೆರೆಸಬಾರದು. ಪೊಟ್ಟಣದ ಮೇಲೆ 100 ಗ್ರಾಂ ಎಂದು ಅಚ್ಚು ಹಾಕಿ ಒಳಗೆ 90 ಗ್ರಾಂ ತುಂಬಿದರೆ ಅದು 2009ರ ಕಾನೂನುಬದ್ಧ ಮಾಪನ ಶಾಸನದ ಪ್ರಕಾರ ಅಪರಾಧ. ಆದರೆ 90 ಗ್ರಾಂ ಎಂದೇ ಅಚ್ಚು ಹಾಕಿ 90 ಗ್ರಾಂ ತುಂಬಿ ಹಳೆಯ ದರಕ್ಕೇ ಮಾರಿದರೆ ಅಪರಾಧವಲ್ಲ. ನಾವು ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಹಿಂದೆ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಲ್ಲಿ ಒಂದು ಅನುಸೂಚಿ ಇತ್ತು. ಬಿಸ್ಕತ್ತು, ಚಹಾ, ಕಾಫಿ, ಖಾದ್ಯ ತೈಲ, ಉಪ್ಪು, ಸಾಬೂನು ಮುಂತಾದ 19 ಬಗೆಯ ಸಾಮಗ್ರಿಗಳನ್ನು ಯಾವ ಯಾವ ತೂಕದಲ್ಲಿ ಪೊಟ್ಟಣ ಕಟ್ಟಬೇಕೆಂದು ಅದರಲ್ಲಿ ಹೇಳಿತ್ತು. 2021ರ ನವೆಂಬರಿನಲ್ಲಿ ಪ್ರಕಟವಾದ ತಿದ್ದುಪಡಿಯಿಂದ ಆ ಅನುಸೂಚಿಯನ್ನು ತೆಗೆದುಹಾಕಲಾಯಿತು. ತೂಕವನ್ನು ತಯಾರಕರ ಇಚ್ಛೆಗೆ ಬಿಟ್ಟು, ಅದರ ಬದಲಿಗೆ ಇನ್ನೊಂದು ಕಟ್ಟುಪಾಡನ್ನು ತರಲಾಯಿತು. ಅದೇ ಏಕಮಾನ ದರ. ಒಂದು ಕಿಲೋಗಿಂತ ಕಡಿಮೆ ಇರುವ ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟು ರೂಪಾಯಿ ಎಂದೂ, ಹೆಚ್ಚು ಇದ್ದರೆ ಕಿಲೋಗೆ ಎಷ್ಟು ಎಂದೂ, ದ್ರವ ಪದಾರ್ಥವಾದರೆ ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟು ಎಂದೂ ಅಚ್ಚು ಹಾಕತಕ್ಕದ್ದು. ಈ ನಿಯಮ ಮುಂದೂಡುತ್ತ ಮುಂದೂಡುತ್ತ ಜಾರಿಗೆ ಬಂದಿದೆ.

ಈ ಏಕಮಾನ ದರ ಗ್ರಾಹಕನ ಕೈಯಲ್ಲಿರುವ ತಕ್ಕಡಿ. ಆದರೆ ಇದನ್ನು ಓದುವ ರೂಢಿ ನಮಗಿನ್ನೂ ಬಂದಿಲ್ಲ. ಗರಿಷ್ಠ ಮಾರಾಟ ದರದ ಹತ್ತಿರವೇ “ಗ್ರಾಮಿಗೆ ರೂ. 0.24” ಎಂಬಂತೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಸಾವಿರದಿಂದ ಗುಣಿಸಿದರೆ ಕಿಲೋ ದರ 240 ರೂಪಾಯಿ ಎಂದು ಸಿಗುತ್ತದೆ. ಮನೆಯಲ್ಲಿ ಓದುವ ಮಕ್ಕಳಿಗೆ ಈ ಕೆಲಸ ಒಪ್ಪಿಸಬಹುದು.

ಇದೇ ರೀತಿ ತೆರಿಗೆಯ ನಿಯಮದಿಂದಲೂ ಪೊಟ್ಟಣದ ತೂಕ ಬದಲಾಗುತ್ತದೆ. 2022ರ ಜುಲೈ 18ರಿಂದ 25 ಕಿಲೋ ವರೆಗಿನ ಪೊಟ್ಟಣದ ಅಕ್ಕಿ, ಗೋಧಿ, ಬೇಳೆಗಳಿಗೆ ಶೇಕಡಾ 5 ಜಿ.ಎಸ್.ಟಿ. ಬಂದ ಮೇಲೆ ಅಂಗಡಿಗಳಲ್ಲಿ 26 ಕಿಲೋ ಅಕ್ಕಿಚೀಲ ಕಾಣಿಸಿಕೊಂಡಿತು. ಇದು ತೂಕ ಏರಿದ ಉದಾಹರಣೆ. ಚೀಲದ ದರವನ್ನು 25ರಿಂದ ಭಾಗಿಸಬೇಕೋ 26ರಿಂದಲೋ ಎಂಬುದನ್ನು ನೋಡಿಕೊಂಡರೆ ಸಾಕು.

ತೆರಿಗೆ ಇಳಿದಾಗ ತೂಕ ಏರಬೇಕು

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಮೈ ಸಾಬೂನು, ಟೂತ್‌ಪೇಸ್ಟು, ಶಾಂಪೂ ಮುಂತಾದವುಗಳ ಜಿ.ಎಸ್.ಟಿ.ಯನ್ನು ಶೇಕಡಾ 18ರಿಂದ 5ಕ್ಕೆ ಇಳಿಸಲಾಯಿತು. ದೊಡ್ಡ ಪೊಟ್ಟಣಗಳ ದರವನ್ನು ಇಳಿಸುವುದು ಸುಲಭ. ಐದು–ಹತ್ತು ರೂಪಾಯಿಯ ಪೊಟ್ಟಣದಲ್ಲಿ ಮತ್ತೆ ಚಿಲ್ಲರೆಯ ತೊಂದರೆ ಬಂದು, ಹಲವು ಕಂಪನಿಗಳು ದರವನ್ನು ಹಾಗೆಯೇ ಇಟ್ಟು ತೂಕ ಹೆಚ್ಚಿಸುವ ಮಾರ್ಗ ಹಿಡಿದವು.

ಎಷ್ಟು ಹೆಚ್ಚಬೇಕು ಎಂಬುದಕ್ಕೆ ಲೆಕ್ಕ ಸರಳವಿದೆ. ಮೊದಲು 118 ರೂಪಾಯಿ ಕೊಟ್ಟು ಪಡೆಯುತ್ತಿದ್ದ ಸರಕಿಗೆ ಈಗ 105 ರೂಪಾಯಿ ಸಾಕು. ದರ ಅದೇ ಇದ್ದರೆ ತೂಕ ಶೇಕಡಾ 12ಕ್ಕಿಂತ ಸ್ವಲ್ಪ ಹೆಚ್ಚಾಗಬೇಕು. ತೆರಿಗೆ ಇಳಿಯುವ ಮೊದಲು 100 ಗ್ರಾಂ ಇದ್ದ ಹತ್ತು ರೂಪಾಯಿಯ ಪೊಟ್ಟಣ ಆಮೇಲೆ ಸುಮಾರು 112 ಗ್ರಾಂ ಆಗಿದ್ದರೆ ತೆರಿಗೆಯ ಲಾಭ ನಮಗೆ ಪೂರ್ತಿ ಮುಟ್ಟಿತೆಂದು ತಿಳಿಯಬೇಕು. 105 ಆಗಿದ್ದರೆ ಅರ್ಧಕ್ಕಿಂತ ಕಡಿಮೆ ಮುಟ್ಟಿತು. ಹಳೆಯ ತೂಕ ನೆನಪಿಲ್ಲದವನಿಗೆ ಈ ಲೆಕ್ಕ ಹಾಕುವುದಕ್ಕೆ ಬರುವುದಿಲ್ಲ. ಆದ್ದರಿಂದ ತೂಕವನ್ನು ಬರೆದಿಡುವುದು ಅವಶ್ಯ.

ಹೊರದೇಶಗಳಲ್ಲಿ

ಈ ಚಾಳಿ ನಮ್ಮ ದೇಶಕ್ಕೆ ಸೀಮಿತವಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಟಾಬ್ಲರೋನ್ ಎಂಬ ಚಾಕೊಲೇಟಿನ ಹಲ್ಲುಗಳ ನಡುವಿನ ಸಂದನ್ನು ಅಗಲ ಮಾಡಿ 400 ಗ್ರಾಮಿನ ಪಟ್ಟಿಯನ್ನು 360 ಗ್ರಾಮಿಗೆ ಇಳಿಸಿದಾಗ ಜನರು ಗದ್ದಲ ಎಬ್ಬಿಸಿದರು. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, ತೂಕ ಇಳಿಸಿ ಏಕಮಾನ ದರ ಏರಿಸಿದ ಸರಕಿನ ಪಕ್ಕದಲ್ಲಿ ಹಾಗೆಂದು ಫಲಕ ಹಾಕಿ ಎರಡು ತಿಂಗಳು ಇಡಬೇಕೆಂದು ದೊಡ್ಡ ಅಂಗಡಿಗಳಿಗೆ ವಿಧಿಸಲಾಯಿತು. ದಕ್ಷಿಣ ಕೊರಿಯಾದಲ್ಲಿ ಅದೇ ವರುಷದ ಆಗಸ್ಟಿನಿಂದ, ತೂಕ ಇಳಿಸಿದ್ದನ್ನು ತಿಳಿಸದ ತಯಾರಕರಿಗೆ ದಂಡ ಹಾಕುವ ನಿಯಮ ಬಂತು. ಈ ಎರಡೂ ದೇಶಗಳು ತೂಕ ಇಳಿಸಬಾರದೆಂದು ಹೇಳಿಲ್ಲ, ಇಳಿಸಿದರೆ ಬಾಯಿಬಿಟ್ಟು ಹೇಳಿ ಎಂದಿವೆ.

ಗೊಬ್ಬರದ ಚೀಲವೂ ಒಂದು ಪೊಟ್ಟಣವೇ

ಅಡಿಗೆಮನೆಯ ಮಾತು ಇಲ್ಲಿಗಾಯಿತು. ಇನ್ನು ಹೊಲದ ಮಾತು. ಮಾರ್ಚ್ 2018ರಿಂದ ಬೇವು ಲೇಪಿತ ಯೂರಿಯಾದ 50 ಕಿಲೋ ಚೀಲ 45 ಕಿಲೋ ಆಯಿತು. ಇಲ್ಲಿ ಬೆಲೆಯ ವಿಷಯದಲ್ಲಿ ಯಾವ ಮೋಸವೂ ಇರಲಿಲ್ಲ. ಕಿಲೋ ದರ ಹಿಂದಿನದೇ ಇದ್ದು, ಚೀಲದ ದರವನ್ನು ತೂಕಕ್ಕೆ ತಕ್ಕಂತೆ ಇಳಿಸಿ, ತೆರಿಗೆ ಮತ್ತು ಲೇಪನದ ಖರ್ಚು ಸೇರಿ 266 ರೂ. 50 ಪೈಸೆ ಮಾಡಲಾಯಿತು. ರೈತರು ಗೊಬ್ಬರವನ್ನು ತೂಕದ ಲೆಕ್ಕದಿಂದ ಹಾಕುವುದಿಲ್ಲ, ಚೀಲದ ಲೆಕ್ಕದಿಂದ ಹಾಕುತ್ತಾರೆ, ಆದುದರಿಂದ ಚೀಲ ಸಣ್ಣದಾದರೆ ಯೂರಿಯಾದ ಅತಿ ಬಳಕೆ ತಾನಾಗಿ ಇಳಿಯುತ್ತದೆ ಎಂಬುದೇ ಆ ಬದಲಾವಣೆಯ ಹಿಂದಿನ ವಿಚಾರ. ನಮ್ಮ ಅಭ್ಯಾಸವನ್ನು ಸರಕಾರ ಸರಿಯಾಗಿಯೇ ಗುರುತಿಸಿತ್ತು!

ಮುಂದೆ ಗಂಧಕ ಲೇಪಿತ ಯೂರಿಯಾ, ಅಂದರೆ ಯೂರಿಯಾ ಗೋಲ್ಡ್ ಬಂತು. ಅದರ ಚೀಲ 40 ಕಿಲೋ. 2024ರ ಜನವರಿಯಲ್ಲಿ ಅದಕ್ಕೂ 266 ರೂ. 50 ಪೈಸೆಯ ದರವನ್ನೇ ನಿಗದಿ ಮಾಡಲಾಯಿತು. ಬೇವು ಲೇಪಿತ ಯೂರಿಯಾದಲ್ಲಿ ಶೇಕಡಾ 46 ಸಾರಜನಕ ಇರುತ್ತದೆ. ಯೂರಿಯಾ ಗೋಲ್ಡಿನಲ್ಲಿ ಶೇಕಡಾ 37 ಸಾರಜನಕ, ಶೇಕಡಾ 17 ಗಂಧಕ ಇರುತ್ತವೆ. ಎಕರೆಗೆ ನಾಲ್ಕು ಚೀಲ ಎಂಬ ರೂಢಿ ಇಟ್ಟುಕೊಂಡ ರೈತನ ಹೊಲಕ್ಕೆ ಬೀಳುವ ಸಾರಜನಕದ ಲೆಕ್ಕ ಹೀಗಿದೆ:

50 ಕಿಲೋ ಚೀಲವಿದ್ದಾಗ — 92 ಕಿಲೋ.
45 ಕಿಲೋ ಚೀಲದಿಂದ — 82.8 ಕಿಲೋ.
40 ಕಿಲೋ ಯೂರಿಯಾ ಗೋಲ್ಡ್ ಚೀಲದಿಂದ — 59.2 ಕಿಲೋ, ಜೊತೆಗೆ 27.2 ಕಿಲೋ ಗಂಧಕ.

ಚೀಲ ನಾಲ್ಕೇ, ಆದರೆ ಬೆಳೆಗೆ ಸಿಕ್ಕ ಆಹಾರ ಮೂರು ತರಹ. ಗಂಧಕ ಕಡಿಮೆ ಇರುವ ಭೂಮಿಯಲ್ಲಿ ಗಂಧಕಕ್ಕೂ ಬೆಲೆಯಿದೆ. ಲೇಪನದಿಂದ ಸಾರಜನಕ ನಿಧಾನವಾಗಿ ಬಿಡುಗಡೆಯಾಗಿ ನಷ್ಟ ಕಡಿಮೆಯಾಗುತ್ತದೆಂಬ ವಾದವೂ ಇದೆ. ಆದುದರಿಂದ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಹೇಳುವ ಉದ್ದೇಶವಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಎಕರೆಗೆ ಎಷ್ಟು ಕಿಲೋ ಸಾರಜನಕ ಬೇಕೆಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಚೀಲದ ಎಣಿಕೆಗೆ ಬರಬೇಕು. ಹಿಂದಿನ ವರುಷ ಇಷ್ಟು ಚೀಲ ಹಾಕಿದ್ದೆ, ಈ ವರುಷವೂ ಅಷ್ಟೇ ಎಂಬ ಲೆಕ್ಕ ಇನ್ನು ನಡೆಯುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಉದ್ಯಮದಲ್ಲಿಯೇ ಇದೆ. ಸಕ್ಕರೆ ಚೀಲವು ಒಂದು ಕಾಲಕ್ಕೆ ಕ್ವಿಂಟಲ್ ತೂಕದ್ದಾಗಿತ್ತು, ಆಮೇಲೆ 50 ಕಿಲೋಗೆ ಇಳಿಯಿತು. ಹಮಾಲರ ಬೆನ್ನು ಹಗುರಾಯಿತೇ ಹೊರತು ಯಾವ ವ್ಯಾಪಾರಿಯೂ ಇದರಿಂದ ನಷ್ಟ ಹೊಂದಲಿಲ್ಲ. ಏಕೆಂದರೆ ವ್ಯಾಪಾರಿ ಸಕ್ಕರೆಯ ದರವನ್ನು ಚೀಲಕ್ಕೆ ಕೇಳುವುದೇ ಇಲ್ಲ, ಕ್ವಿಂಟಲಿಗೆ ಕೇಳುತ್ತಾನೆ. ವ್ಯಾಪಾರಿಗೆ ಇರುವ ಈ ರೂಢಿ ಗಿರಾಕಿಗೂ ಬರಬೇಕು.

ಕಬ್ಬಿನ ದರಕ್ಕೂ ಇದೇ ಲೆಕ್ಕ

ಕಬ್ಬಿನ ದರದಲ್ಲಿಯೂ ಎರಡು ಅಂಗಗಳಿವೆ. ಒಂದು ರೂಪಾಯಿ, ಇನ್ನೊಂದು ಆ ರೂಪಾಯಿ ಯಾವ ಸಕ್ಕರೆ ಇಳುವರಿಗೆ, ಅಂದರೆ ಯಾವ ರಿಕವರಿಗೆ ಎಂಬುದು. ಮೊದಲನೆಯದು ದೊಡ್ಡ ಅಕ್ಷರದಲ್ಲಿ ಪತ್ರಿಕೆಯಲ್ಲಿ ಬರುತ್ತದೆ. ಎರಡನೆಯದು ಪೊಟ್ಟಣದ ಹಿಂಬದಿಯ ಗ್ರಾಮಿನಂತೆ, ಓದಿದವರಿಗೆ ಮಾತ್ರ ಕಾಣುತ್ತದೆ.

ಕೇಂದ್ರ ಸರಕಾರದ ನ್ಯಾಯಸಮ್ಮತ ಲಾಭದಾಯಕ ದರ, ಅಂದರೆ ಎಫ್.ಆರ್.ಪಿ., 2017-18ರಲ್ಲಿ ಟನ್ನಿಗೆ 2,550 ರೂಪಾಯಿ ಇತ್ತು. ಅದು ಶೇಕಡಾ 9.5 ರಿಕವರಿಗೆ. 2018-19ರಲ್ಲಿ 2,750 ರೂಪಾಯಿ ಆಯಿತು. 200 ರೂಪಾಯಿ ಏರಿತೆಂದು ಎಲ್ಲರೂ ಹೇಳಿದರು. ಆದರೆ ಮೂಲ ರಿಕವರಿಯನ್ನು ಶೇಕಡಾ 10ಕ್ಕೆ ಏರಿಸಲಾಗಿತ್ತು. ರಿಕವರಿ 9.5 ಅಥವಾ ಅದಕ್ಕಿಂತ ಕಡಿಮೆ ಇರುವ ಕಾರ್ಖಾನೆಗೆ ಕಬ್ಬು ಕೊಟ್ಟವನಿಗೆ ಸಿಗಬೇಕಾದದ್ದು 2,612 ರೂ. 50 ಪೈಸೆ. ಅವನ ಪಾಲಿಗೆ ಏರಿಕೆ 200 ಆಗಲಿಲ್ಲ, 62 ರೂ. 50 ಪೈಸೆ ಮಾತ್ರ ಆಯಿತು.

2021-22ರಲ್ಲಿ ಶೇಕಡಾ 10ಕ್ಕೆ 2,900 ರೂಪಾಯಿ ಇದ್ದದ್ದು 2022-23ರಲ್ಲಿ 3,050 ಆಯಿತು, ಆದರೆ ಶೇಕಡಾ 10.25ಕ್ಕೆ. ಕಡಿಮೆ ರಿಕವರಿಯವರಿಗೆ 2,755 ಇದ್ದದ್ದು 2,821 ರೂ. 25 ಪೈಸೆ. ಹೇಳಿಕೆಯಲ್ಲಿ ಏರಿದ್ದು 150 ರೂಪಾಯಿ, ಕೈಗೆ ಬಂದದ್ದು 66 ರೂ. 25 ಪೈಸೆ. 2025-26ರ ಹಂಗಾಮಿನ ದರ 10.25ಕ್ಕೆ 3,550 ರೂಪಾಯಿ, 9.5 ಮತ್ತು ಅದರ ಕೆಳಗೆ 3,290 ರೂ. 50 ಪೈಸೆ. ಇದರಲ್ಲಿ ಗುಟ್ಟೇನೂ ಇಲ್ಲ, ಆದೇಶದಲ್ಲಿ ಎಲ್ಲವೂ ಬರೆದಿರುತ್ತದೆ. ಹೊಸ ತಳಿಗಳಿಂದ ದೇಶದ ಹಲವು ಕಡೆ ರಿಕವರಿ ಏರಿದ್ದೂ ನಿಜ. ಆದರೆ ಮಳೆ ಹೆಚ್ಚು, ತೇವ ಹೆಚ್ಚು ಇರುವ ನಮ್ಮ ಸಹ್ಯಾದ್ರಿಯ ಅಡಿಯ ಭಾಗದಲ್ಲಿ ರಿಕವರಿ ಅಷ್ಟು ಸುಲಭವಾಗಿ ಏರುವುದಿಲ್ಲ.

2019-20ರ ಹಂಗಾಮಿನಿಂದ ಧಾರಬಾಂದೋಡಾದಲ್ಲಿ ಗಾಣ ನಿಂತ ಮೇಲೆ ಸಾಂಗೆ, ಕೇಪೆ, ಧಾರಬಾಂದೋಡಾ ತಾಲೂಕುಗಳ ಕಬ್ಬು ಘಟ್ಟ ಹತ್ತಿ ಖಾನಾಪುರದ ಕಡೆಗೆ ಹೋಗಬೇಕಾಯಿತು. ಕಬ್ಬು ಯಾವ ಕಾರ್ಖಾನೆಗೆ ಹೋಗುತ್ತದೆಯೋ ಆ ಕಾರ್ಖಾನೆಯ ರಿಕವರಿಯೇ ದರಕ್ಕೆ ಆಧಾರ. ಕಟಾವು ಮತ್ತು ಸಾಗಾಣಿಕೆಯ ಖರ್ಚನ್ನು ದರದಲ್ಲಿ ಮುರಿದುಕೊಳ್ಳುವುದಿದ್ದರೆ ಅದೂ ಬೇರೆ. ಆದುದರಿಂದ ಈ ವರುಷ ಟನ್ನಿಗೆ ಎಷ್ಟು ಎಂದು ಕೇಳಿದರೆ ಸಾಲದು. ಎಷ್ಟು ರಿಕವರಿಗೆ, ಯಾವ ಕಡಿತ ಕಳೆದು ಎಂದು ಪೂರ್ತಿ ಕೇಳತಕ್ಕದ್ದು.

ಸದಸ್ಯರು ಮಾಡಬೇಕಾದದ್ದು

1. ತಿಂಗಳ ಕಿರಾಣಿಯ ಚೀಟಿಯಲ್ಲಿ ದರದ ಪಕ್ಕದಲ್ಲಿ ತೂಕವನ್ನೂ ಬರೆಯಿರಿ. ಪದೇ ಪದೇ ಕೊಳ್ಳುವ ಹತ್ತು ಸಾಮಾನುಗಳಿಗೆ ಮಾತ್ರ ಮಾಡಿದರೂ ಸಾಕು. ಆರು ತಿಂಗಳಿಗೊಮ್ಮೆ ಹೋಲಿಸಿ ನೋಡಿರಿ.

2. ಪೊಟ್ಟಣದ ಗಾತ್ರವನ್ನು ನಂಬಬೇಡಿರಿ. ನಿವ್ವಳ ತೂಕ ಮತ್ತು ಏಕಮಾನ ದರ ಎರಡನ್ನೂ ಓದಿರಿ. ಎಣ್ಣೆಯಲ್ಲಿ ಗ್ರಾಮನ್ನೇ ನೋಡಿರಿ.

3. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂದು ತಿಳಿಯಬೇಡಿರಿ. ಕೆಲವು ಸಲ ಐದು ರೂಪಾಯಿಯ ಸಣ್ಣ ಪೊಟ್ಟಣವೇ ಗ್ರಾಮಿಗೆ ಅಗ್ಗವಾಗಿರುತ್ತದೆ. ಏಕಮಾನ ದರವನ್ನು ಹೋಲಿಸಿದರೆ ಗೊತ್ತಾಗುತ್ತದೆ.

4. “ಶೇಕಡಾ 20 ಹೆಚ್ಚು” ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಯಾವ ತೂಕಕ್ಕಿಂತ ಹೆಚ್ಚು ಎಂದು ನೋಡಿರಿ. ಮೊದಲು ಇಳಿಸಿ ಆಮೇಲೆ ಏರಿಸಿದರೂ ಹೀಗೆ ಬರೆಯಬಹುದು.

5. ಅಚ್ಚಾದ ತೂಕಕ್ಕಿಂತ ಒಳಗೆ ಕಡಿಮೆ ಇದ್ದರೆ, ಏಕಮಾನ ದರ ನಮೂದಿಸದೆ ಇದ್ದರೆ, ಕಾನೂನುಬದ್ಧ ಮಾಪನ ಇಲಾಖೆಯ ಸ್ಥಳೀಯ ಕಚೇರಿಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿರಿ. ಪೊಟ್ಟಣವನ್ನು ಒಡೆಯದೆ ಇಟ್ಟುಕೊಳ್ಳಿರಿ, ರಸೀದಿ ಪಡೆಯಿರಿ.

6. ಬೇಳೆ, ಬೆಲ್ಲ, ಸಕ್ಕರೆ, ಮೆಣಸಿನಕಾಯಿ ಮುಂತಾದವನ್ನು ಸಾಧ್ಯವಾದಲ್ಲಿ ಕಿಲೋ ದರಕ್ಕೆ ಎದುರಿಗೆ ತೂಗಿಸಿ ಕೊಳ್ಳಿರಿ. ನಾಲ್ಕಾರು ಮನೆಯವರು ಅಥವಾ ಮಹಿಳಾ ಸಂಘದವರು ಒಟ್ಟಾಗಿ ತಂದರೆ ಇನ್ನೂ ಲಾಭ.

7. ಗೊಬ್ಬರ, ಔಷಧಿ, ಬೀಜ ಇವುಗಳ ಚೀಲ ಅಥವಾ ಬಾಟಲಿಯ ಎಣಿಕೆಯನ್ನು ಬಿಟ್ಟು ಕಿಲೋ ಮತ್ತು ಶೇಕಡಾವಾರು ಸತ್ವದ ಲೆಕ್ಕಕ್ಕೆ ಬನ್ನಿರಿ. ಲೆಕ್ಕ ತಿಳಿಯದಿದ್ದರೆ ಕಬ್ಬು ವಿಭಾಗದ ಕ್ಷೇತ್ರ ಸಹಾಯಕರನ್ನು ಕೇಳಿರಿ.

ಕಾಟಾದ ಮುಂದೆ ನಿಂತಾಗ ಇರುವ ಎಚ್ಚರ ಅಂಗಡಿಯ ಮುಂದೆಯೂ ಇರಲಿ. ಮನೆಯಲ್ಲಿ ಸಾಮಾನು ತರುವವರು, ಅಡಿಗೆ ಮಾಡುವವರು ಎಲ್ಲರಿಗೂ ಈ ಲೇಖನವನ್ನು ಓದಿ ಹೇಳಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.

— ಕಬ್ಬು ಅಭಿವೃದ್ಧಿ ಅಧಿಕಾರಿ